ಎರಡು ಕಂತು ಬಾಕಿ

ಮಂಗಳವಾರ ವಸೂಲಿ ಮೇಡಂ ಬರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ. ಸಾಲ ವಸೂಲಿಗೆ ಬರುವವರು ಒಂದು ವಾರ ತಪ್ಪಿಸಿದರೆ ಸಾಲಗಾರನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತದೆ, ಮಧ್ಯಾಹ್ನದ ನಿದ್ದೆಯೂ ಚೆನ್ನಾಗಿ ಹತ್ತುತ್ತದೆ. ಸೋಫಾ ರಿಪೇರಿಯ ಮೊಳೆಬಾಯಿಗೆ ಮಾತ್ರ ಅಂದು ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಮೊಳೆಬಾಯಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಹಳೆಯ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಸತ್ತ ಸ್ಪ್ರಿಂಗು ಕಿತ್ತು, ಹೊಸ ನಾರು, ಸ್ಪಂಜು ತುಂಬಿ, ಮೇಲೆ ಬಟ್ಟೆ ಬಿಗಿದು ಮೊಳೆ ಹೊಡೆಯುವುದು ಅವನ ಕಸುಬು. ಒಂದು ಕೈಯಲ್ಲಿ ಬಟ್ಟೆ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದ ಮೇಲೆ, ಮೊಳೆ ಇಟ್ಟುಕೊಳ್ಳಲು ಉಳಿಯುವುದು ಬಾಯಿ ಒಂದೇ. ಬೆಳಿಗ್ಗೆ ಅಂಗಡಿ ತೆಗೆದಾಗ ಬಾಯಿಗೆ ಹಾಕಿಕೊಂಡ ಸಣ್ಣ ಮೊಳೆಗಳು ಊಟದ ಹೊತ್ತಿಗೆ ಹೊರಗೆ ಬರುತ್ತಿದ್ದವು. ಗಿರಾಕಿ ಏನು ಕೇಳಿದರೂ ‘ಹ್ಞೂಂ’, ‘ಊಹೂಂ’ ಎರಡರಲ್ಲೇ ವ್ಯಾಪಾರ ಮುಗಿಯುತ್ತಿತ್ತು. ನಲವತ್ತು ದಾಟಿದರೂ ಅವನು ಒಂಟಿಯಾಗಿ ಉಳಿದದ್ದಕ್ಕೆ ಆ ಮೊಳೆಗಳೇ ಕಾರಣ ಎಂದು ಅವನ ಅಕ್ಕನ ವಾದ. ಮದುವೆ ಮಾತಿಗೆ ಬಂದವರೆಲ್ಲ, ಪಾಪ, ಹುಡುಗ ಮೂಗ ಇರಬೇಕು ಎಂದುಕೊಂಡು ಎದ್ದು ಹೋಗಿದ್ದರಂತೆ.

ದಪ್ಪ ರೆಕ್ಸಿನ್ ಹೊಲಿಯುವ ಯಂತ್ರ ಕೊಳ್ಳಲು ಅವನು ಪೇಟೆಯ ಫೈನಾನ್ಸ್ ಕಚೇರಿಯಲ್ಲಿ ಸಾಲ ಮಾಡಿದ್ದ. ವಾರಕ್ಕೊಂದು ಕಂತು. ಪ್ರತಿ ಮಂಗಳವಾರ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ವಸೂಲಿಗೆ ಒಬ್ಬಾಕೆ ಬರುತ್ತಿದ್ದರು. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ರಸೀದಿ ಪುಸ್ತಕ, ಬಿಸಿಲಿಗೆ ಬಾಡಿದ ಮುಖ. ಬೀದಿಯವರಿಗೆಲ್ಲ ಆಕೆ ವಸೂಲಿ ಮೇಡಂ. ಆಕೆ ಬೀದಿಯ ತುದಿಯಲ್ಲಿ ಕಂಡರೆ ಅರ್ಧ ಅಂಗಡಿಗಳ ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಮೊಳೆಬಾಯಿಯ ಅಂಗಡಿ ಮಾತ್ರ ಅಂದು ಎರಡು ಸಲ ಗುಡಿಸಿಕೊಂಡು ಕಾಯುತ್ತಿತ್ತು.

ಅಂದು ಯಾವ ಕುರ್ಚಿ ರಿಪೇರಿಯಾಗಿ ನಿಂತಿರುತ್ತದೋ ಅದರಲ್ಲಿ ಆಕೆ ಕೂರುತ್ತಿದ್ದರು. ಚಪ್ಪಲಿ ಬಿಟ್ಟು, ಹಿಮ್ಮಡಿ ಉಜ್ಜಿಕೊಂಡು, ಒಂದು ಲೋಟ ನೀರು ಕುಡಿದು, ಪರೀಕ್ಷೆ ಮಾಡುವ ಮೇಷ್ಟ್ರ ಹಾಗೆ ಕುರ್ಚಿಯ ಗುಣದೋಷ ಹೇಳುತ್ತಿದ್ದರು. ಇದು ಸ್ವಲ್ಪ ಗಟ್ಟಿ. ಇದು ಬೆನ್ನಿಗೆ ಸರಿ, ಕೈಗೆ ಎತ್ತರ. ಒಮ್ಮೆ ಡಾಕ್ಟರೊಬ್ಬರ ಆರಾಮಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, “ಇದರಲ್ಲಿ ಕೂತ್ರೆ ಏಳೋಕೇ ಮನಸ್ಸಾಗಲ್ಲ ನೋಡಿ,” ಎಂದರು. ಅಷ್ಟಕ್ಕೇ ಮೊಳೆಬಾಯಿ ಆ ಕುರ್ಚಿಯನ್ನು ಡಾಕ್ಟರಿಗೆ ತಲುಪಿಸಲಿಲ್ಲ. ಸ್ಪ್ರಿಂಗು ಬರಬೇಕು, ಬಟ್ಟೆ ಬರಬೇಕು, ಪಾಲಿಶ್ ಒಣಗಬೇಕು ಎಂದು ವಾರಗಟ್ಟಲೆ ಸತಾಯಿಸಿದ. ನನ್ನ ರೋಗಿಗಳೇ ಇಷ್ಟು ದಿನ ಮಲಗಿರೋದಿಲ್ಲ ಕಣಯ್ಯ ಎಂದು ರೇಗಿ ಡಾಕ್ಟರು ತಾವೇ ಬಂದು ಎತ್ತಿಸಿಕೊಂಡು ಹೋಗಬೇಕಾಯಿತು.

ಆಕೆಗೆ ಹೇಳಬೇಕೆಂದು ಅವನು ಸೋಮವಾರವಿಡೀ ಒಂದೊಂದು ಮಾತು ಜೋಡಿಸಿ ಇಟ್ಟುಕೊಳ್ಳುತ್ತಿದ್ದ. ಹೇಳುವ ಹೊತ್ತಿಗೆ ಬಾಯಿ ತುಂಬ ಮೊಳೆ. ಒಂದೊಂದಾಗಿ ತೆಗೆದು, ಡಬ್ಬಿಗೆ ಹಾಕಿ, ತುಟಿ ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಆಕೆ ರಸೀದಿ ಹರಿದಿಟ್ಟು ಬೀದಿಯ ತಿರುವು ದಾಟಿರುತ್ತಿದ್ದರು. ಮಂಗಳವಾರ ಮೊಳೆ ಹಾಕಿಕೊಳ್ಳದೆ ಇದ್ದರಾಯಿತಲ್ಲ ಎನ್ನಬಹುದು. ಹಾಗೂ ಒಮ್ಮೆ ಮಾಡಿ ನೋಡಿದ್ದ. ಬಾಯಿ ಖಾಲಿಯಾದಾಗ ನಾಲಿಗೆ ಇನ್ನೂ ಭಾರವಾಯಿತು. ಜೋಡಿಸಿಟ್ಟ ಮಾತುಗಳಲ್ಲಿ ಹೊರಬಿದ್ದದ್ದು, “ಮುಂದಿನ ವಾರ ಬರ್ತೀರಲ್ಲ?” ಎನ್ನುವುದೊಂದೇ. ಹಾಗೆ ಕೇಳಿದ ಮೊದಲ ಸಾಲಗಾರ ನೀವೇ ಎಂದು ಆಕೆ ನಕ್ಕಿದ್ದರು. ಆ ನಗುವಿನ ಮೇಲೆ ಅವನು ಮೂರು ಸೋಫಾ ಮುಗಿಸಿದ.

ಇನ್ನು ಎರಡೇ ಕಂತು ಬಾಕಿ ಎನ್ನುವಾಗ ಆಕೆ ಬರುವುದು ನಿಂತಿತು. ಮೈ ಸರಿಯಿರಲಿಕ್ಕಿಲ್ಲ ಎಂದುಕೊಂಡ. ಮುಂದಿನ ವಾರವೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಕೆಯ ಬದಲು ಬೇರೆ ಯಾರೂ ಬರಲಿಲ್ಲ. ನೋಟೀಸಿಲ್ಲ, ಫೋನಿಲ್ಲ. ಸಾಲ ಕೊಟ್ಟವರೇ ಸಾಲವನ್ನು ಮರೆತುಬಿಟ್ಟಿದ್ದರು. ತಿಂಗಳು ದಾಟಿತು.

ಈ ವಿಷಯ ಬೀದಿಗೆ ಗೊತ್ತಾದದ್ದು ಪಕ್ಕದ ಕಟಿಂಗ್ ಶಾಪಿನಿಂದ. ಅದರ ಮಾಲೀಕನನ್ನು ಎಲ್ಲರೂ ಕತ್ತರಿ ಎಂದೇ ಕರೆಯುವುದು. ಅವನ ಕೈಯಲ್ಲಿನ ಕತ್ತರಿಗಿಂತ ಬಾಯಲ್ಲಿನ ಕತ್ತರಿ ಹೆಚ್ಚು ಚುರುಕು. ಮೊಳೆಬಾಯಿ ವಾರವಾರವೂ ಕಂತಿನ ದುಡ್ಡು ಮಡಚಿ ಇಟ್ಟುಕೊಂಡು ಬೀದಿ ನೋಡುತ್ತ ನಿಲ್ಲುವುದನ್ನು ಅವನು ಕನ್ನಡಿಯಲ್ಲಿ ಗಮನಿಸಿದ್ದ. ವಿಚಾರಿಸಿದ. ಕೇಳಿ ಅವನಿಗೆ ಹೊಟ್ಟೆಯುರಿಯಿತು, ಸಂತೋಷವೂ ಆಯಿತು. ತಾನು ಅದೇ ಕಚೇರಿಯಲ್ಲಿ ತೆಗೆದ ಸಾಲಕ್ಕೆ ಒಂದು ದಿನ ತಡವಾದರೂ ಮನೆಯ ಬಾಗಿಲು ಒಡೆಯುವ ಹಾಗೆ ಬಡಿಯುತ್ತಿದ್ದರಂತೆ. ಯಾರಿಗೂ ಬಾರದ ಅದೃಷ್ಟ ನಿನಗೆ ಬಂದಿದೆ, ತುಟಿ ಪಿಟಕ್ ಅನ್ನಬೇಡ ಎಂದು ಉಪದೇಶ ಮಾಡಿದ.

ಮಹಡಿಯ ಮೇಲೆ ಬಾಡಿಗೆಗಿದ್ದ ನಿವೃತ್ತ ಕೋರ್ಟು ಗುಮಾಸ್ತರು ಗಡ್ಡ ಮಾಡಿಸಿಕೊಳ್ಳಲು ಬಂದವರು, ಮುಖದ ತುಂಬ ನೊರೆ ಹಚ್ಚಿಕೊಂಡೇ ಕಾನೂನು ಬಿಡಿಸಿ ಹೇಳಿದರು. ಸಾಲ ಕೊಟ್ಟವರು ಕೆಲವು ವರ್ಷ ಕೇಳದೆ ಇದ್ದು, ಸಾಲ ತಗೊಂಡವನು ಸಾಲ ಇದೆ ಎಂದು ಎಲ್ಲೂ ಬಾಯಿ ಬಿಡದೆ ಇದ್ದರೆ ಸಾಲ ತಾನಾಗಿಯೇ ಸತ್ತುಹೋಗುತ್ತದೆ. ಬಾಯಿ ಬಿಡದೆ ಇರುವುದರಲ್ಲಂತೂ ಈ ಊರಿನಲ್ಲಿ ನಿನ್ನನ್ನು ಮೀರಿಸಿದವರಿಲ್ಲ ಎಂದೂ ಸೇರಿಸಿದರು. ಅಂದಿನಿಂದ ಕತ್ತರಿ, ಮೊಳೆಬಾಯಿಯ ಸಾಲ ಸಾಯುವವರೆಗೆ ಕಾವಲು ಕಾಯುವುದು ತನ್ನ ಕರ್ತವ್ಯ ಎಂದು ತಿಳಿದುಕೊಂಡ.

ಅಕ್ಕ ಮಾತ್ರ ಬೇರೆ ಹೇಳಿದಳು. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಯಾವ ಕಲೆ ಯಾವುದರದ್ದು ಎಂದು ನೋಡಿದೊಡನೆ ಹೇಳಬಲ್ಲವಳು. ಮತ್ತೊಂದು ಮಂಗಳವಾರ ಬೆಳಿಗ್ಗೆ ತಮ್ಮ ಇಸ್ತ್ರಿ ಮಾಡಿದ ಅಂಗಿಗೇ ಮತ್ತೆ ಇಸ್ತ್ರಿ ತಿಕ್ಕುತ್ತಿರುವುದನ್ನು ನೋಡಿ, ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತಳು.

“ಕಚೇರಿಗೆ ಹೋಗಿ ವಿಚಾರಿಸು. ನಿನಗೆ ಬೇಕಾಗಿರೋದು ರಸೀದಿ ಅಲ್ಲ ಅಂತ ನನಗೆ ಗೊತ್ತು ಕಣೋ. ರಸೀದಿ ನೆಪದಲ್ಲಾದ್ರೂ ಹೋಗು.”

ಮೊಳೆಬಾಯಿ ಇಸ್ತ್ರಿ ಕೆಳಗಿಟ್ಟ. ಅಕ್ಕ ಹೋದ ಮೇಲೂ ಅವನ ಕಿವಿ ಬಿಸಿಯಾಗಿಯೇ ಇತ್ತು.

ಹೊರಟಾಗ ಕತ್ತರಿ ಅಡ್ಡ ಬಂದ. ಕಚೇರಿಗೆ ಎಂದರೆ ಕೈಕಾಲು ಕಟ್ಟಿ ಕೂರಿಸುತ್ತಾನೆಂದು ಹೆದರಿ ಮೊಳೆಬಾಯಿ, ರೆಕ್ಸಿನ್ ತರಲು ಹೋಗುತ್ತಿದ್ದೇನೆ ಎಂದ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ದೊಡ್ಡ ಸೋಫಾಕ್ಕೆ ರೆಕ್ಸಿನ್ ಕೊಳ್ಳುವ ದುಡ್ಡೂ ಕಂತಿನ ಜೊತೆ ಜೇಬಿನಲ್ಲೇ ಇತ್ತು. ನಿಶ್ಚಿಂತೆಯಾಗಿ ಹೋಗಿ ಬಾ, ಇಲ್ಲಿ ನಾನಿದ್ದೀನಿ ಎಂದು ಕತ್ತರಿ ಧೈರ್ಯ ಹೇಳಿದ.

ಫೈನಾನ್ಸ್ ಕಚೇರಿ ಪೇಟೆಯಲ್ಲಿ ಔಷಧಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಅವನು ಮೇಜುಗಳ ನಡುವೆ ಆ ಚರ್ಮದ ಚೀಲವನ್ನು ಹುಡುಕಿದ. ಕಾಣಲಿಲ್ಲ. ಕ್ಯಾಷಿಯರನ ಕಿಂಡಿಯ ಮುಂದೆ ನಿಂತು ದುಡ್ಡು ಒಳಗೆ ತಳ್ಳಿದ. ಕ್ಯಾಷಿಯರ್ ಪಟ್ಟಿ ನೋಡಿ ದುಡ್ಡು ಹೊರಗೆ ತಳ್ಳಿದ.

“ನಿಮ್ಮ ಹೆಸರು ವಸೂಲಿ ಪಟ್ಟಿಯಲ್ಲಿಲ್ಲ. ತಗೊಳೋಕೆ ಬರಲ್ಲ.”

“ಸಾಲ ಇದೆ.”

“ಇದ್ರೆ ನಾವೇ ಬರ್ತೀವಿ.”

“ಬರಲಿಲ್ಲವಲ್ಲ, ಅದಕ್ಕೇ ಬಂದೆ.”

ಕ್ಯಾಷಿಯರ್ ಕನ್ನಡಕ ತೆಗೆದು ಅವನನ್ನು ನೋಡಿದ. ಅವನ ಇಷ್ಟು ವರ್ಷದ ನೌಕರಿಯಲ್ಲಿ, ಯಾಕೆ ವಸೂಲಿಗೆ ಬರಲಿಲ್ಲ ಎಂದು ದೂರು ತಂದವರು ಯಾರೂ ಇರಲಿಲ್ಲ. ಎದ್ದು ಹೋಗಿ ಮ್ಯಾನೇಜರ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರು ಗಾಜಿನ ಬಾಗಿಲ ಹಿಂದಿನಿಂದ ಇಣುಕಿದರು. ಇಸ್ತ್ರಿ ಮಾಡಿದ ಅಂಗಿ, ಬಿಗಿದ ತುಟಿ, ಮೇಜು ಮೇಜನ್ನೂ ಹುಡುಕುವ ಕಣ್ಣು. ಮುಖ್ಯ ಕಚೇರಿಯವರು ಗುಟ್ಟಾಗಿ ತನಿಖೆಗೆ ಜನ ಕಳಿಸುತ್ತಾರೆ ಎಂಬ ಗಾಳಿಮಾತು ಆ ತಿಂಗಳೆಲ್ಲ ಹರಿದಾಡುತ್ತಿತ್ತು. ಮ್ಯಾನೇಜರಿಗೆ ಸಂಶಯವೇ ಉಳಿಯಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಬಂದು, ಒಳಗೆ ದಯಮಾಡಿಸಬೇಕು ಎಂದರು.

ಟೀ ಬಂತು, ಬಿಸ್ಕತ್ತು ಬಂತು, ಫ್ಯಾನು ಅವನ ಕಡೆ ತಿರುಗಿತು. ಇದೆಲ್ಲ ಯಾಕೆಂದು ಮೊಳೆಬಾಯಿಗೆ ಅರ್ಥವಾಗಲಿಲ್ಲ. ಕೂತ ಕುರ್ಚಿ ಅವನ ಭಾರಕ್ಕೆ ನರಳಿತು. ಕಸುಬಿನವನ ಕೈ ಸುಮ್ಮನಿರುತ್ತದೆಯೇ, ಕೆಳಗೆ ಹೋಗಿ ಒತ್ತಿ ನೋಡಿತು.

“ಮೇಲೆ ಮಾತ್ರ ಚೆನ್ನಾಗಿ ಕಾಣ್ಸೋ ಹಾಗೆ ಮಾಡಿದ್ದಾರೆ. ಒಳಗೆಲ್ಲ ಟೊಳ್ಳು,” ಎಂದ.

ಮ್ಯಾನೇಜರ ಹಣೆಯಲ್ಲಿ ಬೆವರು ಮೂಡಿತು. ತಾವು ಬಂದು ಆರೇ ತಿಂಗಳಾಯಿತು, ಇದೆಲ್ಲ ಹಿಂದಿನವರ ಕಾಲದಿಂದ ಬಂದದ್ದು ಎಂದು ತೊದಲಿದರು.

“ಯಾರ ಕಾಲದ್ದಾದ್ರೇನು, ಬಿಚ್ಚಿ ನೋಡ್ಬೇಕು. ಒಂದು ದಿನದ ಕೆಲಸ.”

ಬಿಚ್ಚುವುದು ಬೇಡ, ಏನಿದ್ದರೂ ಇಲ್ಲೇ ಮಾತಾಡಿ ಸರಿಮಾಡಿಕೊಳ್ಳೋಣ ಎಂದು ಮ್ಯಾನೇಜರು ಬಿಸ್ಕತ್ತಿನ ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದರು. ಆಗ ಮೊಳೆಬಾಯಿ ತಾನು ಕುರ್ಚಿಯ ಮಾತಾಡುತ್ತಿರುವುದಾಗಿಯೂ, ತನ್ನದು ಸೋಫಾ ರಿಪೇರಿ ಅಂಗಡಿಯೆಂದೂ, ಎರಡು ಕಂತು ಉಳಿದಿದೆಯೆಂದೂ, ವಾರವಾರ ಬರುತ್ತಿದ್ದ ಮೇಡಂ ಈಗ ಬರುತ್ತಿಲ್ಲವೆಂದೂ ಹೇಳಿದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ಮ್ಯಾನೇಜರು ನಿಟ್ಟುಸಿರು ಬಿಟ್ಟು, ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಟೀ ಅವನು ಆಗಲೇ ಎಂಜಲು ಮಾಡಿದ್ದರಿಂದ ಉಳಿಯಿತು. ಬಿಸ್ಕತ್ತು ಹಿಂದಕ್ಕೆ ಹೋಯಿತು.

ಕಡತ ತರಿಸಿದರು. ಮೇಡಂ ತಿಂಗಳ ಹಿಂದೆಯೇ ಕೆಲಸ ಬಿಟ್ಟಿದ್ದರು. ದೂರದ ಊರಿನಲ್ಲಿರುವ ತಮ್ಮನ ಮನೆಗೆ ಹೋಗಿ ನೆಲೆಸುತ್ತಾರಂತೆ. ಬಿಡುವ ಮೊದಲು ತಮ್ಮ ಕೈಯಲ್ಲಿದ್ದ ಸಾಲಗಾರರನ್ನೆಲ್ಲ ಒಬ್ಬರನ್ನೂ ಬಿಡದೆ ಹೊಸಬರಿಗೆ ಒಪ್ಪಿಸಿದ್ದರು. ಬಿಟ್ಟುಹೋದದ್ದು ಮೊಳೆಬಾಯಿ ಒಬ್ಬನೇ.

“ಇಷ್ಟು ವರ್ಷದಲ್ಲಿ ಒಂದು ರಸೀದಿ ತಪ್ಪಿಸಿದ ಹೆಂಗಸಲ್ಲ,” ಎಂದು ಕ್ಯಾಷಿಯರ್ ತಲೆ ಕೆರೆದುಕೊಂಡ. “ಇದೊಂದನ್ನ ಅದ್ಹೇಗೆ ಮರೆತ್ರೋ.”

ಮೊಳೆಬಾಯಿಯ ಎದೆಯಲ್ಲಿ ಯಾವುದೋ ಸ್ಪ್ರಿಂಗು ಹಿಡಿತ ತಪ್ಪಿ ಮೇಲಕ್ಕೆ ಹಾರಿತು. ಒಪ್ಪಿಸಬೇಕಾದವರನ್ನೆಲ್ಲ ಒಪ್ಪಿಸಿ, ತನ್ನೊಬ್ಬನನ್ನು ಮಾತ್ರ ಬೇರೆಯವರ ಕೈಗೆ ಕೊಡದೆ ಆಕೆ ಇಟ್ಟುಕೊಂಡಿದ್ದರು. ಮರೆತದ್ದೋ, ಮರೆತ ಹಾಗೆ ಮಾಡಿದ್ದೋ. ಯಾರನ್ನು ಕೇಳುವುದು? ಆಕೆಯಂತೂ ಊರು ಬಿಟ್ಟು ತಿಂಗಳಾಗಿರಬೇಕು. ಸಿಕ್ಕಿದ್ದೂ ಹೋದದ್ದೂ ಒಂದೇ ಗಳಿಗೆಯಲ್ಲಿ ತಿಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅವನು ತಣ್ಣಗಾದ ಟೀ ಕುಡಿದ.

ಅಷ್ಟರಲ್ಲಿ ಮ್ಯಾನೇಜರಿಗೆ, ಸ್ವಲ್ಪ ಹೊತ್ತಿನ ಮುಂಚೆ ಪಟ್ಟ ಭಯಕ್ಕೆಲ್ಲ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬೇಕೆನ್ನಿಸಿತ್ತು. ಇದು ಶುದ್ಧ ಬೇಜವಾಬ್ದಾರಿ ಎಂದರು. ಆಕೆ ಕೆಲಸಕ್ಕೆ ಸೇರಿದಾಗ ಇಟ್ಟ ಠೇವಣಿ ಇನ್ನೂ ಕಚೇರಿಯಲ್ಲೇ ಇತ್ತು. ಅದನ್ನು ಇಂದೇ ಆಕೆಯ ಖಾತೆಗೆ ಹಾಕಬೇಕಿತ್ತು. ಹಾಕಬೇಡಿ, ತಡೆಹಿಡಿಯಿರಿ, ದಂಡ ಮುರಿದುಕೊಂಡು ಆಕೆಯ ಮೇಲೆ ಕರಿಗುರುತು ಹಾಕಿ ಎಂದು ಕ್ಯಾಷಿಯರಿಗೆ ಹೇಳಿದರು. ಕ್ಯಾಷಿಯರ್ ಪೆನ್ನಿನ ಮುಚ್ಚಳ ತೆಗೆದ.

ಬಿಸಿಲಿನಲ್ಲಿ ನಡೆದು ಬಂದು ಉಜ್ಜಿಕೊಳ್ಳುತ್ತಿದ್ದ ಆ ಹಿಮ್ಮಡಿಗಳು ಮೊಳೆಬಾಯಿಯ ಕಣ್ಣಿಗೆ ಕಟ್ಟಿದವು. ಅಷ್ಟು ನಡೆದು ಕೂಡಿಟ್ಟ ದುಡ್ಡು ತನ್ನ ದೆಸೆಯಿಂದ ಹೋಗುವುದೇ? ಅವನು ಎದ್ದು ನಿಂತ.

“ಅವರದ್ದೇನೂ ತಪ್ಪಿಲ್ಲ ಸಾರ್. ಹೊಸಬರ ಕೈಗೆ ಕೊಡಿ ಅಂತ ನನ್ನ ಸಾಲದ ಕಾರ್ಡನ್ನ ನನ್ನ ಕೈಯಲ್ಲೇ ಕೊಟ್ಟುಹೋಗಿದ್ರು. ನಾನೇ ಕೊಡಲಿಲ್ಲ. ದುಡ್ಡು ಉಳೀತದೆ ಅಂತ ಒಲೆಗೆ ಹಾಕ್ಬಿಟ್ಟೆ.”

ಕಚೇರಿಯೆಲ್ಲ ಅವನ ಕಡೆ ತಿರುಗಿತು. ಪ್ರಾಮಾಣಿಕವಾಗಿ ದುಡ್ಡು ಕಟ್ಟಲು ಬಂದವನು, ಐದು ನಿಮಿಷ ತನಿಖಾಧಿಕಾರಿಯಾಗಿದ್ದವನು, ಈಗ ಮೋಸಗಾರನಾಗಿ ನಿಂತಿದ್ದ. ಮ್ಯಾನೇಜರು ನೀತಿಪಾಠ ಹೇಳಿದರು. ಒಳ್ಳೆಯ ಹೆಂಗಸಿನ ವಿಶ್ವಾಸಕ್ಕೆ ದ್ರೋಹ ಮಾಡಿದ್ದಕ್ಕೆ ನಾಚಿಕೆಯಾಗಬೇಕು ಎಂದರು. ಎರಡು ಕಂತು, ತಡವಾದದ್ದಕ್ಕೆ ಬಡ್ಡಿ, ಕಾರ್ಡು ಸುಟ್ಟಿದ್ದಕ್ಕೆ ದಂಡ, ದಂಡ ಲೆಕ್ಕಹಾಕಿದ್ದಕ್ಕೆ ಶುಲ್ಕ. ರೆಕ್ಸಿನ್ ದುಡ್ಡೂ ಹೋಯಿತು, ಅಂಗಿಯ ಜೇಬಿನ ಚಿಲ್ಲರೆಯೂ ಹೋಯಿತು. ಕ್ಯಾಷಿಯರ್ ರಸೀದಿಯ ಮೇಲೆ ‘ಸಾಲ ಮುಕ್ತಾಯ’ ಎಂದು ಮುದ್ರೆ ಒತ್ತಿದಾಗ, ಆ ಸದ್ದು ಮೊಳೆಬಾಯಿಗೆ ತನ್ನ ಬೆನ್ನ ಮೇಲೇ ಬಿದ್ದ ಹಾಗಾಯಿತು. ಆಕೆಯ ಠೇವಣಿ ಬಿಡುಗಡೆಯಾಯಿತು. ಅಷ್ಟನ್ನು ಮಾತ್ರ ನಿಂತು ನೋಡಿಕೊಂಡ. ಆಕೆಯ ವಿಳಾಸ ಕೇಳಬೇಕೆಂದು ಬಾಯಿ ತೆರೆದ. ಆದರೆ ಆಕೆಗೆ ಮೋಸ ಮಾಡಿದೆ ಎಂದು ಈಗಷ್ಟೇ ಒಪ್ಪಿಕೊಂಡವನು ವಿಳಾಸ ಕೇಳುವುದು ಹೇಗೆ?

“ಇನ್ನೇನು? ಇನ್ನೊಂದು ಸಾಲ ಬೇಕಾ?” ಎಂದರು ಮ್ಯಾನೇಜರು.

ಅವನು ಊಹೂಂ ಎಂದು ಮೆಟ್ಟಿಲಿಳಿದ.

ಬಿಸಿಲಿನಲ್ಲಿ ನಡೆದೇ ಬಂದ. ಜೇಬು ಖಾಲಿಯಾಗಿತ್ತು, ತಲೆಯೂ ಖಾಲಿಯಾಗಿತ್ತು. ದಾರಿಯುದ್ದಕ್ಕೂ ಆಕೆ ವಾರವಾರ ಹತ್ತಿಳಿಯುತ್ತಿದ್ದ ಮೆಟ್ಟಿಲುಗಳು, ನೆರಳಿಗೆ ನಿಲ್ಲುತ್ತಿದ್ದ ಅಂಗಡಿ ಮಾಡುಗಳು. ಇಷ್ಟು ದೂರ ನಡೆದು ಬಂದವರಿಗೆ ಒಂದು ಲೋಟ ನೀರು ಬಿಟ್ಟು ಬೇರೇನೂ ಕೊಡಲಿಲ್ಲವಲ್ಲ ಎಂದುಕೊಂಡ.

ಅಂಗಡಿಯ ಮುಂದೆ ಕತ್ತರಿ ಯುದ್ಧ ಗೆದ್ದು ಬಂದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಪಕ್ಕದ ಕಟಿಂಗ್ ಶಾಪಿನೊಳಗೆ ಅವನ ಕುರ್ಚಿಯಲ್ಲಿ ಗುಮಾಸ್ತರು ಅರ್ಧ ಮುಖ ಬೋಳಿಸಿಕೊಂಡು, ಅರ್ಧ ನೊರೆಯಲ್ಲಿ ಕಾಯುತ್ತಿದ್ದರು.

“ಬಂದಿದ್ಳು,” ಎಂದ ಕತ್ತರಿ ದನಿ ತಗ್ಗಿಸಿ. “ನಿನ್ನ ವಸೂಲಿ ಮೇಡಂ. ನೀನು ಹೋದ ಸ್ವಲ್ಪ ಹೊತ್ತಿಗೇ. ನಾನು ಬಿಡ್ತೀನಾ?”

 ಕತ್ತರಿ ಹೇಳುತ್ತ ಹೋದ. ಆಕೆ ಎಂದಿನ ಹಾಗೆ ನಡೆದು ಬಂದಿರಲಿಲ್ಲ. ತಳ್ಳುಗಾಡಿಯಲ್ಲಿ ಒಂದು ಹಳೆಯ ಕೈಕುರ್ಚಿ ಹೇರಿಸಿಕೊಂಡು ಬಂದಿದ್ದರು. ಅಪ್ಪ ಕೂರುತ್ತಿದ್ದ ಕುರ್ಚಿಯಂತೆ. ಬಟ್ಟೆ ಹರಿದಿದೆ, ಸ್ಪ್ರಿಂಗು ಹೋಗಿದೆ, ಈ ಅಂಗಡಿಯವರ ಕೈಗೇ ಕೊಡಬೇಕು ಎಂದರಂತೆ. ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೊರಟಿದ್ದೇನೆ. ಅವಸರವಿಲ್ಲ, ನಿಧಾನವಾಗಿ ಮಾಡಲಿ, ಆಗಾಗ ಬಂದು ಕೆಲಸ ಎಲ್ಲಿಗೆ ಬಂತು ಅಂತ ನೋಡಿಕೊಂಡು ಹೋಗ್ತೀನಿ ಎಂದರಂತೆ.

“ಕುರ್ಚಿ ನೆಪ ಅಂತ ಆಗಲೇ ಹೊಳೀತು ನನಗೆ,” ಎಂದ ಕತ್ತರಿ. “ರಿಪೇರಿ ನೋಡೋ ಹಾಗೆ ಬಂದು ಬಂದು ನಿನ್ನ ಬಾಯಲ್ಲಿ ಸಾಲ ಒಪ್ಪಿಸೋಕೆ. ನಾನು ಹೇಳ್ಬಿಟ್ಟೆ, ಅವನು ಅಂಗಡಿ ಮುಚ್ಚಿ ಊರು ಬಿಟ್ಟುಹೋದ, ಇನ್ನು ಬರಲ್ಲ ಅಂತ. ಬಿಸಿಲಲ್ಲಿ ತುಂಬಾ ಹೊತ್ತು ನಿಂತಿದ್ಳು. ಆಮೇಲೆ ಗಾಡಿಯವನಿಗೆ ಬಸ್ ನಿಲ್ದಾಣಕ್ಕೆ ನಡಿ ಅಂದ್ಳು. ಇನ್ನು ಈ ಕಡೆ ತಲೆ ಹಾಕಲ್ಲ ಬಿಡು.”

ಮೊಳೆಬಾಯಿ ಓಡಿದ. ಅವನು ಓಡಿದ್ದನ್ನು ಆ ಬೀದಿ ಎಂದೂ ನೋಡಿರಲಿಲ್ಲ. ಏನೋ ಎಡವಟ್ಟಾಗಿದೆ ಎಂದು ಕತ್ತರಿಗೆ ಆಗ ತಿಳಿಯಿತು. ಹೆಗಲ ಮೇಲಿನ ಟವೆಲ್ಲಿನ ಸಮೇತ ಅವನೂ ಹಿಂದೆಯೇ ಓಡಿದ. ಅರ್ಧ ಗಡ್ಡದ ಗುಮಾಸ್ತರು ಬಾಗಿಲಿಗೆ ಬಂದು, ಮಿಕ್ಕದ್ದು ಯಾರು ಮಾಡುತ್ತಾರೆ ಎಂದು ಬೀದಿಯನ್ನು ಕೇಳುತ್ತ ನಿಂತರು.

ಬಸ್ಸು ಹೋಗಿಯಾಗಿತ್ತು. ಟಿಕೆಟ್ಟಿನ ಕಿಂಡಿಯವನಿಗೆ ಆಕೆಯ ನೆನಪು ಚೆನ್ನಾಗಿಯೇ ಇತ್ತು. ಕುರ್ಚಿಯನ್ನು ಬಸ್ಸಿನ ಮೇಲೆ ಕಟ್ಟಿಸಲು ಅಷ್ಟು ಜಗಳವಾಡಿದ ಹೆಂಗಸನ್ನು ಅವನು ನೋಡಿರಲಿಲ್ಲವಂತೆ. ಹರಿದ ಕುರ್ಚಿ ಬಿಟ್ಟು ಹೋಗಿ ಎಂದರೆ, ರಿಪೇರಿಗೆ ಕೊಟ್ಟು ಇಲ್ಲೇ ಬಿಡೋಣ ಅಂತಿದ್ದೆ, ಆಗಲಿಲ್ಲ ಎಂದರಂತೆ. ಊರಿನ ಹೆಸರು ಹೇಳಿದ. ಆ ಊರಿಗೆ ಅಂದಿನ ಕೊನೆಯ ಬಸ್ಸು ಸಂಜೆಗಿತ್ತು.

ಮೊಳೆಬಾಯಿ ಜೇಬು ಮುಟ್ಟಿ ನೋಡಿಕೊಂಡ. ಮುದ್ರೆ ಒತ್ತಿದ ರಸೀದಿ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದ ಕತ್ತರಿಗೆ ಅವನು ಎಲ್ಲವನ್ನೂ ಹೇಳಿದ. ಮಂಗಳವಾರಗಳು, ಕುರ್ಚಿಗಳು, ಹೇಳಲಾಗದೆ ಉಳಿದ ಮಾತುಗಳು, ಕಚೇರಿಯಲ್ಲಿ ಕಳ್ಳನಾದದ್ದು. ಕತ್ತರಿ ಜೀವನದಲ್ಲಿ ಮೊದಲ ಸಲ ಮಧ್ಯೆ ಬಾಯಿ ಹಾಕದೆ ಕೇಳಿದ. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಟವೆಲ್ಲಿನ ಮೇಲಿನ ಕೂದಲು ಕೊಡವಿದ. ಆಮೇಲೆ ಒಳಜೇಬಿನಿಂದ ದುಡ್ಡು ತೆಗೆದು ಮೊಳೆಬಾಯಿಯ ಕೈಗಿಟ್ಟ.

“ಹೋಗು. ಟಿಕೆಟ್ಟಿಗೆ ಇಷ್ಟು ಸಾಕು. ಸಾಲ ಅಂತ ಇಟ್ಕೋ, ಆದಾಗ ಕೊಡು.”

ಊರು ದೊಡ್ಡದಂತೆ, ಹೇಗೆ ಹುಡುಕುತ್ತೀಯ ಎಂದು ಕೇಳಿದ. ಬಸ್ಸಿನ ಮೇಲಿಂದ ಕುರ್ಚಿ ಇಳಿಸಿದ ಹೆಂಗಸನ್ನು ಯಾರಾದರೂ ನೋಡಿಯೇ ಇರುತ್ತಾರೆ ಎಂದ ಮೊಳೆಬಾಯಿ. ಕುರ್ಚಿಯನ್ನು ನೋಡದೆಯೇ ಅವನು ಮನಸ್ಸಿನಲ್ಲಿ ಅದರ ಹೊಟ್ಟೆ ಬಿಚ್ಚಿ, ಎಷ್ಟು ನಾರು ಬೇಕು, ಎಷ್ಟು ಸ್ಪಂಜು ಬೇಕು, ಕೈಗೆ ಎಷ್ಟು ಎತ್ತರವಿಟ್ಟರೆ ಸರಿ ಎಂದು ಅಳೆಯುತ್ತಿದ್ದ. ಅದನ್ನು ಎಷ್ಟು ನಿಧಾನವಾಗಿ ಮಾಡಬೇಕೆಂದೂ ಯೋಚಿಸಿದ. ಒಂದು ವರ್ಷ ಹಿಡಿಯಬಹುದು. ಒಳ್ಳೆಯ ಕೆಲಸಕ್ಕೆ ಎರಡು ವರ್ಷವಾದರೂ ಆಶ್ಚರ್ಯವಿಲ್ಲ. ಇಷ್ಟು ದಿನ ಬಿಗಿದುಕೊಂಡೇ ಇದ್ದ ಅವನ ಮುಖ ಸಡಿಲವಾಗಿತ್ತು.

ಬಿಸಿಲು ಇಳಿಯಿತು. ಬಸ್ಸು ಬಂದು ನಿಂತಿತು. ಜನ ಹತ್ತಿದರು. ಮೊಳೆಬಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಕತ್ತರಿ ಹಿಂದಿನಿಂದ ಅವನ ಅಂಗಿ ಹಿಡಿದ.

“ಒಂದು ಮಾತು ಹೇಳೋದು ಉಳೀತು.”

“ಏನು?”

“ನೀನು ಊರು ಬಿಟ್ಟೆ ಅಂದ್ರೆ ಆಕೆ ನಂಬಲಿಲ್ಲ ಕಣಯ್ಯ. ಅಂಗಡಿಯೊಳಗೆ ಸುತ್ತಿಗೆ ಇದೆಯಲ್ಲ ಅಂದ್ರು. ಅದಕ್ಕೇ ಸ್ವಲ್ಪ ಸೇರಿಸ್ದೆ.”

ಮೊಳೆಬಾಯಿ ಕಾಲು ಕೆಳಗಿಳಿಸಿದ. “ಏನು ಸೇರಿಸ್ದೆ?”

“ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಮಾವನ ಮನೆಗೆ ಹೋಗಿ ಸೇರ್ಕೊಂಡ ಅಂದೆ.”

ಕಂಡಕ್ಟರ್ ಹತ್ತುವವರು ಹತ್ತಿ ಎಂದು ಕೂಗಿದ. ಮೊಳೆಬಾಯಿಗೆ ಕೇಳಿಸಲಿಲ್ಲ.

“ಆಮೇಲೆ?”

“ಮದುವೆ ಯಾವಾಗ ಆಯ್ತು ಅಂದ್ರು. ಬಹಳ ವರ್ಷ ಆಯ್ತು ಅಂದೆ. ಮಕ್ಕಳೆಷ್ಟು ಅಂದ್ರು. ಎರಡು ಅಂದೆ. ಕೇಳೋರು ಕೇಳ್ತಾನೇ ಇದ್ರೆ ಹೇಳೋನು ಏನ್ ಮಾಡ್ಬೇಕು ಹೇಳು. ಹೆಂಡ್ತಿ ಹೇಗಿದ್ದಾಳೆ ಅಂದ್ರು. ಒಳ್ಳೆಯೋಳು, ಇವನು ಮಾತಾಡದೆ ಇದ್ರೂ ಆಕೆಗೆ ಎಲ್ಲಾ ಅರ್ಥ ಆಗುತ್ತೆ ಅಂದೆ.”

“ಅವರು ಏನಂದ್ರು?”

ಕತ್ತರಿ ಕಿವಿ ಕೆರೆದುಕೊಂಡ. ಆಕೆ ಮೊದಲು ನಕ್ಕರಂತೆ. ಒಳ್ಳೆಯದಾಯಿತು ಎಂದರಂತೆ. ಆಮೇಲೆ ಎದುರಿನ ಅಂಗಡಿಗೆ ಹೋಗಿ ಪೆಪ್ಪರಮಿಂಟಿನ ಪೊಟ್ಟಣ ಕೊಂಡು ತಂದು, ಯಾವಾಗಲಾದರೂ ಸಿಕ್ಕರೆ ಮಕ್ಕಳಿಗೆ ಕೊಡಿ ಎಂದು ಕತ್ತರಿಯ ಕೈಗಿಟ್ಟರಂತೆ. ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಗಾಡಿ ತಿರುಗಿಸು ಎಂದರಂತೆ.

“ಆ ಪೊಟ್ಟಣ ಎಲ್ಲಿ?”

“ಗುಮಾಸ್ತರೂ ನಾನೂ ತಿಂದ್ವಿ,” ಎಂದ ಕತ್ತರಿ. “ನಿನಗೆ ಮಕ್ಕಳಿಲ್ಲವಲ್ಲ.”

ಮೊಳೆಬಾಯಿ ತಲೆ ಎತ್ತುವಷ್ಟರಲ್ಲಿ ಬಸ್ಸು ನಿಲ್ದಾಣದ ಗೇಟು ದಾಟಿತ್ತು. ಹಿಂದಿನ ಕೆಂಪು ದೀಪ ತಿರುವಿನವರೆಗೆ ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಅವನು ಬೆಂಚಿನ ಮೇಲೆ ಕೂತ. ಓಡಿದ್ದರೆ ಹಿಡಿಯಬಹುದಿತ್ತೇನೋ. ಹಿಡಿದು, ಆ ಊರಿನಲ್ಲಿಳಿದು, ಬಾಗಿಲು ತಟ್ಟಿ, ನನಗೆ ಹೆಂಡತಿ ಇಲ್ಲ ಎಂದು ಎಲ್ಲಿಂದ ಶುರುಮಾಡುವುದು? ಮುಂದಿನ ವಾರ ಬರ್ತೀರಲ್ಲ ಎನ್ನುವುದಕ್ಕೇ ಅವನಿಗೆ ಅಷ್ಟು ತಿಂಗಳು ಹಿಡಿದಿತ್ತು.

ಕತ್ತರಿ ಪಕ್ಕದಲ್ಲಿ ಬಂದು ಕೂತ. ಖಾಲಿ ರಸ್ತೆಯನ್ನೊಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಬಸ್ಸಂತೂ ಹೋಯ್ತಲ್ಲ.”

“ಹ್ಞೂಂ.”

“ಹಾಗಾದ್ರೆ ಟಿಕೆಟ್ ದುಡ್ಡು ವಾಪಸ್ ಕೊಡು. ಇಂಥದ್ದನ್ನೆಲ್ಲ ಬಾಕಿ ಉಳಿಸ್ಕೋಬಾರ್ದು.”